ಕೀಮೋ ನಡೀವಾಗ ಗ್ಯಾನೋಡರ್ಮಾ ಕ್ಯಾಪ್ಸೂಲ್ ಕೊಡಬಹುದಾ?

ತೀರ್ಥಹಳ್ಳಿ ಸೊಸೆ:
ಎಲ್ರಿಗೂ ನಮಸ್ಕಾರ. ನಮ್ಮತ್ತೆಗೆ ಜಠರದ ಕ್ಯಾನ್ಸರ್, ಆಪರೇಷನ್ ಆಗಿ ಜಠರದ ಮುಕ್ಕಾಲು ಭಾಗ ತೆಗ್ದಿದಾರೆ. ಈಗ ಕೀಮೋ ನಡೀತಿದೆ, ಆಕ್ಸಾಲಿಪ್ಲಾಟಿನ್ ಡ್ರಿಪ್ ಜೊತೆಗೆ ಕೆಪಸೈಟಬಿನ್ ಮಾತ್ರೆ. ಫ್ರಿಜ್ ಬಾಗಿಲು ತೆಗೆದ್ರೆ ಸಾಕು ಕೈಯೆಲ್ಲ ಜುಮ್ ಅನ್ನುತ್ತೆ ಅಂತಾರೆ, ಎರಡು ತುತ್ತು ತಿಂದ್ರೆ ಹೊಟ್ಟೆ ತುಂಬ್ತು ಅಂತ ತಟ್ಟೆ ಸರಿಸ್ತಾರೆ. ಈಗ ನಮ್ಮ ಬೀದಿಯವರೊಬ್ರು ಗ್ಯಾನೋಡರ್ಮಾ ಅನ್ನೋ ಅಣಬೆ ಕ್ಯಾಪ್ಸೂಲು, ಟರ್ಕಿ ಟೇಲ್ ಅಂತ ಇನ್ನೊಂದು ಅಣಬೆ ಪುಡಿ ತಂದು ಕೊಟ್ಟು, ಇದನ್ನ ತಗೊಂಡ್ರೆ ಕೀಮೋನೇ ಬೇಡ, ಜಪಾನಲ್ಲಿ ಇದನ್ನೇ ಕೊಡೋದು ಅಂತ ಹೇಳಿ ಹೋಗಿದಾರೆ. ಅತ್ತೆಗೆ ಹಾರ್ಟಲ್ಲಿ ಸ್ಟೆಂಟ್ ಇದೆ, ರಕ್ತ ತೆಳು ಮಾಡೋ ಮಾತ್ರೆನೂ ನಡೀತಿದೆ. ನಮ್ಮನೆಯವ್ರು ಕೊಟ್ಟು ನೋಡೋಣ, ಅಣಬೆ ತಾನೆ, ಏನಾಗುತ್ತೆ ಅಂತಾರೆ. ಯಾರಾದ್ರೂ ಕೊಟ್ಟವ್ರು ಇದ್ರೆ ಹೇಳ್ತೀರಾ?

ಅಡಿಕೆ ಗಿರಿ:
ಅಕ್ಕ, ಔಷಧಿ ವಿಷಯ ತಿಳಿದವ್ರು ಹೇಳ್ಲಿ, ನಂಗೆ ಗೊತ್ತಿರೋದು ತೋಟದ್ದು ಮಾತ್ರ. ಅಡಿಕೆ ಮರಕ್ಕೆ ಅಣಬೆ ರೋಗ ಬರುತ್ತಲ್ಲ, ಬುಡದಲ್ಲಿ ಮೇಲೆ ಕಂದು ಬಣ್ಣ, ಪಾಲಿಶ್ ಹಾಕಿದಂಗೆ ಹೊಳೀತಾ, ಕೆಳಗೆ ಬೆಳ್ಳಗೆ ಏಳೋದು, ಅದು ಗ್ಯಾನೋಡರ್ಮಾನೇ. ನಾವು ಬುಡದ ಸುತ್ತ ಚರಂಡಿ ತೆಗ್ದು ಬೇವಿನ ಹಿಂಡಿ, ಟ್ರೈಕೋಡರ್ಮಾ ಅನ್ನೋ ಒಳ್ಳೇ ಶಿಲೀಂಧ್ರ ಹಾಕಿ ಅದನ್ನ ಓಡಿಸೋಕೆ ನೋಡ್ತೀವಿ, ಅವ್ರು ಡಬ್ಬಿಗೆ ತುಂಬಿ ಸಾವಿರಗಟ್ಲೆ ರೂಪಾಯಿಗೆ ಮಾರ್ತಾರೆ 😄 ಬೇಜಾರ್ ಮಾಡ್ಕೋಬೇಡಿ, ಅತ್ತೆಯವ್ರು ಬೇಗ ಹುಷಾರಾಗ್ಲಿ.

ಸಹಜ ಜೀವನ:
ಮೇಡಂ ಭಯ ಪಡಬೇಡಿ, ಪ್ರಕೃತಿಯಲ್ಲಿರೋದಕ್ಕೆ ಸೈಡ್ ಎಫೆಕ್ಟ್ ಇರಲ್ಲ. ಇದು ಕ್ಯಾನ್ಸರ್ ಸೆಲ್‌ಗಳನ್ನ ಮಾತ್ರ ಹುಡುಕಿ ಸಾಯಿಸುತ್ತೆ. ಜಪಾನ್ ಸರ್ಕಾರವೇ ಒಪ್ಪಿಗೆ ಕೊಟ್ಟಿದೆ. ಡಾಕ್ಟ್ರಿಗೆ ಹೇಳಿದ್ರೆ ಬೇಡ ಅಂತಾನೇ ಅಂತಾರೆ, ಅವ್ರಿಗೆ ಕೀಮೋ ಮಾರಬೇಕಲ್ಲ. ಒರಿಜಿನಲ್ ಪ್ರಾಡಕ್ಟ್ ಬೇಕಿದ್ರೆ ಇನ್‌ಬಾಕ್ಸ್ ಮಾಡಿ.

ಮಾತ್ರೆ ಮಾಮ:
ಮೇಲಿನ ಸಹಜ ಜೀವನದವ್ರು ಹೇಳಿದ್ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತ್ತು ಅನ್ನೋದೊಂದು ನಿಜ, ಆದ್ರೆ ಒಪ್ಪಿದ್ದು ಯಾವುದಕ್ಕೆ ಅಂತ ಅವ್ರು ಹೇಳಲ್ಲ. ನಾನು ಫಾರ್ಮಸಿ ಓದಿದವನು, ಸ್ವಲ್ಪ ಉದ್ದ ಆಗುತ್ತೆ.

ಟರ್ಕಿ ಟೇಲ್ ಅಂದ್ರೆ ಟ್ರಾಮೀಟಿಸ್ ವರ್ಸಿಕಲರ್, ಕೊಳೆತ ಮರದ ಮೇಲೆ ಪದರ ಪದರವಾಗಿ ಪಟ್ಟೆಪಟ್ಟೆ ಬಣ್ಣದಲ್ಲಿ ಬರುತ್ತೆ. ಇದರ ಕವಕಜಾಲವನ್ನ, ಅಂದ್ರೆ ಬೇರಿನಂಥ ಎಳೆಗಳನ್ನ, ಬಿಸಿನೀರಲ್ಲಿ ಕುದಿಸಿ ತೆಗೆದ ಪಾಲಿಸ್ಯಾಕರೈಡ್ (ಒಂಥರಾ ಪಿಷ್ಟದಂಥ ವಸ್ತು), ಹೆಸರು ಪಿಎಸ್‌ಕೆ, ಕ್ರೆಸ್ಟಿನ್ ಅಂತ ಮಾರ್ತಿದ್ರು. 1977ರಲ್ಲಿ ಜಪಾನಲ್ಲಿ ಒಪ್ಪಿಗೆ ಸಿಕ್ತು. ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಇಂಜೆಕ್ಷನ್‌ಗೆ 1985ರಲ್ಲಿ. ಎರಡೂ ಕಾರ್ಖಾನೆಯಲ್ಲಿ ಅಳತೆ ಪ್ರಕಾರ ಶುದ್ಧ ಮಾಡಿದ ಔಷಧಿ, ಒಣಗಿಸಿ ಬೀಸಿದ ಅಣಬೆ ಪುಡಿ ಅಲ್ಲ. ಮತ್ತೆ ಇವು ನೇರವಾಗಿ ಗೆಡ್ಡೆ ಸಾಯಿಸಲ್ಲ, ಅವುಗಳಲ್ಲಿರೋ ಬೀಟಾ ಗ್ಲೂಕಾನ್ ಅನ್ನೋ ಅಂಶ ನಮ್ಮ ಬಿಳಿ ರಕ್ತಕಣಗಳನ್ನ ಎಚ್ಚರಿಸುತ್ತೆ ಅನ್ನೋದು ಲೆಕ್ಕಾಚಾರ.

ನಿಮ್ಮತ್ತೆಯದೇ ಕ್ಯಾನ್ಸರ್ ಬಗ್ಗೆ ಒಂದು ಒಳ್ಳೇ ಟ್ರಯಲ್ ಇದೆ, 1994ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು. ಜಠರದ ಆಪರೇಷನ್ ಆದ 262 ಜನರಲ್ಲಿ ಒಂದು ಗುಂಪಿಗೆ ಬರೀ ಕೀಮೋ, ಇನ್ನೊಂದಕ್ಕೆ ಕೀಮೋ ಜೊತೆ ಪಿಎಸ್‌ಕೆ. ಐದು ವರ್ಷ ಆದ್ಮೇಲೆ ಬದುಕಿದ್ದವರು ಮೊದಲನೇ ಗುಂಪಲ್ಲಿ ಶೇ. 60, ಎರಡನೇದ್ರಲ್ಲಿ ಶೇ. 73. ಇದು ಸಣ್ಣ ವ್ಯತ್ಯಾಸ ಅಲ್ಲ, ಹಂಗಾಗಿ ಇದನ್ನೆಲ್ಲ ಬರೀ ಮೂಢನಂಬಿಕೆ ಅನ್ನೋರ ಮಾತೂ ನಾನು ಒಪ್ಪಲ್ಲ. ಆದ್ರೆ ಕೀಮೋ ಬಿಟ್ಟು ಅಣಬೆ ಮಾತ್ರ ತಗೊಂಡ ಗುಂಪು ಅದರಲ್ಲಿ ಇಲ್ವೇ ಇಲ್ಲ! ಆಗಿನ ಕೀಮೋ ಕೂಡ ಹಳೇದು, ಮೈಟೋಮೈಸಿನ್ ಮತ್ತೆ ಫ್ಲೂರೋಯುರಾಸಿಲ್. ನಿಮ್ಮತ್ತೆಗೆ ಕೊಡ್ತಿರೋದು ಅದಕ್ಕಿಂತ ಎಷ್ಟೋ ಮುಂದಿನದು. ಹೊಸ ಕೀಮೋ ಬಂದ್ಮೇಲೆ ಲೆಂಟಿನಾನನ್ನ ಎಸ್-1 ಅನ್ನೋ ಕೀಮೋ ಮಾತ್ರೆ ಜೊತೆ ಕೊಟ್ಟು ನೋಡಿದ್ರು, ಆಯಸ್ಸು ಹೆಚ್ಚಾಗ್ಲಿಲ್ಲ. ಈಗ ಕ್ರೆಸ್ಟಿನ್, ಲೆಂಟಿನಾನ್ ಎರಡನ್ನೂ ಅಲ್ಲಿನ ಕಂಪನಿಗಳು ಮಾರೋದೇ ನಿಲ್ಲಿಸಿವೆ.

ಗ್ಯಾನೋಡರ್ಮಾ ಕಥೆ ಇನ್ನೂ ತೆಳ್ಳಗಿದೆ. ಔಷಧಿ ಟ್ರಯಲ್‌ಗಳನ್ನೆಲ್ಲ ಒಟ್ಟುಹಾಕಿ ತೂಗಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯವರು ಎಲ್ಲಾ ಟ್ರಯಲ್ ಹುಡುಕಿದ್ರೆ ಸಿಕ್ಕಿದ್ದು ಐದು, ಒಟ್ಟು 373 ಜನ. ಕೀಮೋ ಅಥವಾ ರೇಡಿಯೇಷನ್ ಜೊತೆ ಕೊಟ್ರೆ ಸ್ವಲ್ಪ ಸಹಾಯ ಆಗಬಹುದೇನೋ, ಅದೊಂದನ್ನೇ ಮೊದಲ ಚಿಕಿತ್ಸೆಯಾಗಿ ಕೊಡೋಕೆ ಆಧಾರ ಇಲ್ಲ ಅಂದ್ರು. ಇನ್ನು ಒರಿಜಿನಲ್ ಪ್ರಾಡಕ್ಟ್ ಅಂದ್ರಲ್ಲ, ಅಮೆರಿಕದಲ್ಲಿ ಮಾರೋ 19 ಗ್ಯಾನೋಡರ್ಮಾ ಸ್ಯಾಂಪಲ್‌ಗಳನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿದಾಗ ಲೇಬಲ್‌ಗೆ ಸರಿಯಾಗಿ ಇದ್ದಿದ್ದು 5 ಮಾತ್ರ, 2017ರಲ್ಲಿ ಬಂದ ವರದಿ. ಅಣಬೆ ಬೆಳೆಸಿದ ಧಾನ್ಯವನ್ನೂ ಸೇರಿಸಿ ಬೀಸಿರ್ತಾರೆ ಕೆಲವ್ರು, ಆಗ ನೀವು ದುಡ್ಡು ಕೊಟ್ಟು ತಗೊಳ್ಳೋದ್ರಲ್ಲಿ ಅರ್ಧ ಹಿಟ್ಟೇ.

ಪ್ರಕೃತಿಯದ್ದು ಅನ್ನೋ ಮಾತಿಗೆ ಒಂದು. ಅಂಗಳದಲ್ಲಿ ಬೆಳೆಯೋ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟೀನ್ ಕೀಮೋ ಬಂದಿದ್ದು, ಹಂಗಂತ ಯಾರೂ ಎಲೆ ಅಗಿದು ಲುಕೇಮಿಯಾ (ರಕ್ತದ ಕ್ಯಾನ್ಸರ್) ವಾಸಿ ಮಾಡ್ಕೊಳ್ಳಲ್ಲ. ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದು ನಮ್ಮಲ್ಲಿ 1954ರ ಕಾಯ್ದೆ ಪ್ರಕಾರ ಅಪರಾಧ. ಇನ್‌ಬಾಕ್ಸ್‌ಗೆ ಕರಿಯೋದು ಯಾಕೆ ಅಂತ ಗೊತ್ತಾಯ್ತಲ್ಲ.

ವಾರ್ಡ್ ಸಿಸ್ಟರ್:
ಆಂಕಾಲಜಿ (ಕ್ಯಾನ್ಸರ್) ವಾರ್ಡಲ್ಲಿ ಕೆಲ್ಸ ಮಾಡ್ತೀನಿ. ಸ್ಟೆಂಟ್ ಇದೆ, ರಕ್ತ ತೆಳು ಮಾಡೋ ಮಾತ್ರೆ ಇದೆ ಅಂದ್ರಲ್ಲ, ಅದನ್ನ ಓದಿದ ಕೂಡ್ಲೇ ಟೈಪ್ ಮಾಡ್ತಿದೀನಿ. ಗ್ಯಾನೋಡರ್ಮಾಕ್ಕೂ ರಕ್ತ ಹೆಪ್ಪುಗಟ್ಟೋದನ್ನ ತಡೆಯೋ ಗುಣ ಇರಬಹುದು. ಅದರ ಮೇಲೆ ಆಕ್ಸಾಲಿಪ್ಲಾಟಿನ್‌ಗೆ ಪ್ಲೇಟ್ಲೆಟ್, ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಕಣ, ಇಳಿಯುತ್ತೆ. ಮೂರೂ ಒಟ್ಟಿಗೆ ಬೇಡಮ್ಮ. ಲಿವರ್‌ಗೆ ಪೆಟ್ಟಾದ ಕೇಸ್‌ಗಳೂ ವರದಿಯಾಗಿವೆ, ಲಿವರ್ ರಿಪೋರ್ಟ್ ಏರಿದ್ರೆ ಮುಂದಿನ ಸುತ್ತಿನ ಕೀಮೋ ಮುಂದಕ್ಕೆ ಹಾಕ್ತಾರೆ, ಕಾರಣ ಏನು ಅಂತ ಡಾಕ್ಟ್ರು ತಲೆ ಕೆಡಿಸ್ಕೋತಾರೆ, ಮನೆಯವ್ರು ಕ್ಯಾಪ್ಸೂಲ್ ವಿಷಯ ಬಾಯೇ ಬಿಡಲ್ಲ. ಇದು ವಾರ್ಡಲ್ಲಿ ನಡೆಯೋದೇ. ಚಾಗಾ ಅಂತ ಇನ್ನೊಂದು ಅಣಬೆ ಪುಡಿ ಬರುತ್ತೆ, ಅದರಲ್ಲಿ ಕಿಡ್ನಿಗೆ ಪೆಟ್ಟು ಕೊಡೋ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ, ಜಪಾನಲ್ಲಿ ಲಿವರ್ ಕ್ಯಾನ್ಸರ್ ಇದ್ದ ಅಜ್ಜಿಯೊಬ್ರು ತಿಂಗಳುಗಟ್ಲೆ ತಿಂದು ಕಿಡ್ನಿ ಕೆಡಿಸ್ಕೊಂಡ ಕೇಸ್ ಇದೆ.

ಡಬ್ಬಿ ಎಸೀಬೇಡಿ, ಮುಂದಿನ ವಿಸಿಟ್‌ಗೆ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ ಡಾಕ್ಟ್ರ ಮೇಜಿನ ಮೇಲೆ ಇಡಿ. ಈಗಾಗ್ಲೇ ಕೊಟ್ಟಿದ್ರೆ ಅದನ್ನೂ ಹೇಳಿ, ಬೈದ್ರೆ ಬೈಸ್ಕೊಳ್ಳಿ. ಮತ್ತೆ ಎರಡು ತುತ್ತಿಗೆ ಹೊಟ್ಟೆ ತುಂಬೋದು ಜಠರ ಚಿಕ್ಕದಾಗಿರೋದ್ರಿಂದ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಡಿ, ಊಟದ ಜೊತೆ ಜಾಸ್ತಿ ನೀರು ಬೇಡ, ಡಯಟೀಷಿಯನ್ ಹತ್ರ ಕಳಿಸಿ ಅಂತ ನೀವೇ ಕೇಳಿ.

ತೀರ್ಥಹಳ್ಳಿ ಸೊಸೆ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಇನ್ನೂ ಕೊಟ್ಟಿರ್ಲಿಲ್ಲ. ನಮ್ಮನೆಯವ್ರಿಗೆ ಸಿಸ್ಟರ್ ಬರ್ದಿದ್ದನ್ನ ಓದ್ಸಿದೆ, ಡಬ್ಬಿ ತಗೊಂಡೇ ಹೋಗೋಣ ಅಂದ್ರು. ಇನ್ನೊಂದೇ ಡೌಟು, ಅತ್ತೆಗೆ ಅಣಬೆ ಸಾರು ಅಂದ್ರೆ ಪ್ರಾಣ. ಅದನ್ನಾದ್ರೂ ಮಾಡಿಕೊಡಬಹುದಾ?

ವಾರ್ಡ್ ಸಿಸ್ಟರ್:
ಅಂಗಡಿಯಲ್ಲಿ ಸಿಗೋ ಬಟನ್ ಅಣಬೆ, ಚಿಪ್ಪಣಬೆ ಆದ್ರೆ ಧಾರಾಳವಾಗಿ ಮಾಡಿ, ಚೆನ್ನಾಗಿ ಬೇಯಿಸಿ, ಬಿಸಿ ಇರೋವಾಗಲೇ ಕೊಡಿ, ಖಾರ ಕಮ್ಮಿ. ಮಳೆಗಾಲದಲ್ಲಿ ಗದ್ದೆ ಬದಿ, ಹುತ್ತದ ಮೇಲೆ ಕಿತ್ತು ತಂದಿದ್ದು ಮಾತ್ರ ಕೀಮೋ ಮುಗಿಯೋವರೆಗೂ ಬೇಡ.

ಅಡಿಕೆ ಗಿರಿ:
ಸಿಸ್ಟರ್, ಹುತ್ತದಣಬೆ ಬೇಡ ಅಂತ ಮಲೆನಾಡಿನವ್ರಿಗೆ ಹೇಳೋಕೆ ಧೈರ್ಯ ಬೇಕು 😄