‘ಫ್ಲೆಕ್ಸಿಬಲ್ ವರ್ಕಿಂಗ್’ ಕೋರಿಕೆ: ಹೊಂದಿಕೊಳ್ಳಬೇಕಾದವರು ಯಾರು?

ಮಾನ್ಯರೇ,

ಮಡಿಕೇರಿ ಸಮೀಪದ ಒಂದು ಕಾಫಿ ಸಂಸ್ಥೆಯ ಸಿಬ್ಬಂದಿ ನಿಯಮಾವಳಿಯನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದೇನೆ. ಅದನ್ನು ಓದುವವರು ಕಚೇರಿಯ ಗುಮಾಸ್ತರು, ತೋಟದ ಲೆಕ್ಕ ಬರೆಯುವ ರೈಟರುಗಳು, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪಾಳಿಯ ಮೇಲೆ ದುಡಿಯುವವರು ಮತ್ತು ಹೋಂಸ್ಟೇ ನೋಡಿಕೊಳ್ಳುವ ಹೆಂಗಸರು. ಸಂಸ್ಥೆಯ ಪಾಲುದಾರರು ಬ್ರಿಟನ್ನಿನವರಾದ್ದರಿಂದ ‘ಫ್ಲೆಕ್ಸಿಬಲ್ ವರ್ಕಿಂಗ್’ (ಕೆಲಸದ ವೇಳೆ, ಗಂಟೆ ಅಥವಾ ಸ್ಥಳವನ್ನು ನೌಕರನ ಅನುಕೂಲಕ್ಕೆ ತಕ್ಕಂತೆ ಬದಲಿಸುವುದು) ಕುರಿತ ಅಧ್ಯಾಯವು ಅಲ್ಲಿನ ಕಾನೂನಿನ ಜಾಡಿನಲ್ಲಿದೆ. ಆ ಅಧ್ಯಾಯದ ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಪತ್ರಿಕೆಗಳು ಸಾಮಾನ್ಯವಾಗಿ ‘ಹೊಂದಿಕೊಳ್ಳುವ ಕೆಲಸದ ಸಮಯ’ ಎಂದು ಬರೆಯುತ್ತವೆ. ಆದರೆ ನಮ್ಮ ಬಳಕೆಯಲ್ಲಿ ‘ಹೊಂದಿಕೊಂಡು ಹೋಗು’ ಎಂದರೆ ಇದ್ದ ಸ್ಥಿತಿಯನ್ನು ಸಹಿಸಿಕೊಂಡು ನಡೆ ಎಂದೇ ಅರ್ಥ. ‘ಸ್ವಲ್ಪ ಹೊಂದಿಕೊಳ್ಳಿ’ ಎನ್ನುವವರು ಮಾಲೀಕರು, ಕೇಳಿಸಿಕೊಳ್ಳುವವರು ಕೆಲಸಗಾರರು. ಕೆಲಸವನ್ನು ತನ್ನ ಬದುಕಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ನೌಕರನಿಗೆ ದಾರಿ ಮಾಡಿಕೊಡುವ ನಿಯಮವು ಈ ಪದದಿಂದಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಕರೆದರೂ ಬರಬೇಕೆಂಬ ಕಟ್ಟಳೆಯಂತೆ ಕೇಳಿಸುತ್ತದೆ. ‘ಸಡಿಲ’ ಎಂದರೆ ಶಿಸ್ತಿನ ಕೊರತೆ ನೆನಪಾಗುತ್ತದೆ. ‘ವಿನಾಯಿತಿ’ಯಂತೂ ಸಲ್ಲದು, ಏಕೆಂದರೆ ಕೆಲಸದ ಒಟ್ಟು ಗಂಟೆಗಳು ಕಡಿಮೆಯಾಗಲೇಬೇಕೆಂದಿಲ್ಲ.

ಇನ್ನು ‘ಹಕ್ಕು’. ಬ್ರಿಟನ್ನಿನಲ್ಲಿ 2003ರಲ್ಲಿ ಚಿಕ್ಕ ಮಕ್ಕಳ ತಂದೆತಾಯಿಗಳಿಗೆ ಮೊದಲು ದೊರೆತು, 2014ರಲ್ಲಿ 26 ವಾರ ಸೇವೆ ಸಲ್ಲಿಸಿದ ಎಲ್ಲ ನೌಕರರಿಗೂ ವಿಸ್ತರಿಸಿ, 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಲಭ್ಯವಾದದ್ದು ಬದಲಾವಣೆಯನ್ನು ಕೇಳುವ ಹಕ್ಕೇ ಹೊರತು ಪಡೆಯುವ ಹಕ್ಕಲ್ಲ. ಹನ್ನೆರಡು ತಿಂಗಳಲ್ಲಿ ಎರಡು ಸಲ ಕೇಳಬಹುದು. ಮಾಲೀಕರು ಎರಡು ತಿಂಗಳೊಳಗೆ ತೀರ್ಮಾನ ತಿಳಿಸಬೇಕು. ಒಲ್ಲೆ ಎನ್ನುವ ಮೊದಲು ನೌಕರನೊಡನೆ ಸಮಾಲೋಚಿಸಬೇಕು. ನಿರಾಕರಣೆಗೆ ಖರ್ಚಿನ ಹೊರೆ, ಗ್ರಾಹಕರ ಬೇಡಿಕೆಗೆ ತೊಡಕು, ಇರುವ ಸಿಬ್ಬಂದಿಯಲ್ಲಿ ಕೆಲಸ ಹಂಚಲಾಗದಿರುವುದು ಮುಂತಾದ, ಕಾನೂನೇ ಹೆಸರಿಸಿದ ಎಂಟು ವ್ಯಾವಹಾರಿಕ ಕಾರಣಗಳಲ್ಲಿ ಒಂದಾದರೂ ಇರಬೇಕು. ಆದ್ದರಿಂದ ‘ಸಮಯ ಬದಲಾಯಿಸುವ ಹಕ್ಕು’ ಎಂಬ ಶೀರ್ಷಿಕೆ ನೌಕರನಿಗೆ ಇಲ್ಲದ ಭರವಸೆ ಕೊಟ್ಟೀತು. ‘ಮನವಿ’ ಎಂದರೆ ಎಲ್ಲವೂ ಮಾಲೀಕರ ಕೃಪೆಯೆಂಬಂತೆ ಆಗಿ, ಉತ್ತರಿಸುವ ಕರ್ತವ್ಯವೇ ಮರೆಯಾಗುತ್ತದೆ. ‘ಸಮಯ ಬದಲಾಯಿಸಿಕೊಡಿ’ ಎನ್ನುವಾಗಿನ ‘ಕೊಡು’ವಿನಲ್ಲಿಯೂ ಇದೇ ಕೃಪೆಯ ಛಾಯೆಯಿದೆ. ನನಗೆ ‘ಕೋರಿಕೆ’ ಹೆಚ್ಚು ಸಮತೂಕದ್ದೆನಿಸುತ್ತದೆ.

ನಮ್ಮ ದೇಶದ ಕಾನೂನಿನ ಭಾಗದಲ್ಲಿ ಕ್ರಿಯಾಪದದ ಕೊನೆಯನ್ನು ಎಚ್ಚರದಿಂದ ನೋಡಬೇಕಾಗಿದೆ. ಹೆರಿಗೆ ಪ್ರಯೋಜನ ಕಾಯ್ದೆಗೆ 2017ರ ತಿದ್ದುಪಡಿಯಲ್ಲಿ ಸೇರಿ, 2025ರ ನವೆಂಬರ್‌ನಿಂದ ಆ ಕಾಯ್ದೆಯ ಬದಲಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿರುವ ಉಪಪ್ರಕರಣದಂತೆ, ಕೆಲಸದ ಸ್ವರೂಪವು ಮನೆಯಿಂದ ಮಾಡುವಂಥದ್ದಾಗಿದ್ದರೆ, ಹೆರಿಗೆ ರಜೆಯ ನಂತರ ಇಬ್ಬರೂ ಒಪ್ಪಿದ ಅವಧಿಗೆ ಮತ್ತು ಷರತ್ತುಗಳ ಮೇಲೆ ಮಾಲೀಕರು ಅದಕ್ಕೆ ‘ಅನುಮತಿ ನೀಡಬಹುದು’. ಇಲ್ಲಿ ‘ನೀಡತಕ್ಕದ್ದು’ ಎಂದು ಬರೆದರೆ ಕಾನೂನನ್ನೇ ತಿದ್ದಿದಂತಾಗುತ್ತದೆ. ಅದೇ ತಿದ್ದುಪಡಿಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂಬುದು ಮಾತ್ರ ‘ತಕ್ಕದ್ದು’ ಎಂದೇ ಬರಬೇಕಾದ ಮಾತು. ತೋಟದಲ್ಲಿ ಹಣ್ಣು ಕೊಯ್ಯುವವಳಿಗೆ ಮನೆಯಿಂದ ಕೆಲಸ ಎಂಬುದೇ ಇಲ್ಲವಾದ್ದರಿಂದ, ಅವಳಿಗೆ ಈ ಎರಡನೆಯ ವಾಕ್ಯವೇ ಮುಖ್ಯ, ಅದು ಸಂದಿಗ್ಧವಾಗಬಾರದು.

ನಾನು ಸದ್ಯ ಬರೆದಿಟ್ಟಿರುವುದು ‘ಕೆಲಸದ ವೇಳೆ ಮತ್ತು ಸ್ಥಳ ಬದಲಾವಣೆಯ ಕೋರಿಕೆ’ ಎಂದು. ಉದ್ದವಾಯಿತು, ಆದರೆ ಪಾಳಿಯವರಿಗೂ ಗುಮಾಸ್ತರಿಗೂ ಒಮ್ಮೆಲೇ ತಿಳಿಯುತ್ತದೆ. ವಾರದ ಗಂಟೆಗಳನ್ನು ಕಡಿಮೆ ಮಾಡಿಕೊಳ್ಳುವುದನ್ನೂ ಒಂದೇ ಕೆಲಸವನ್ನು ಇಬ್ಬರು ಹಂಚಿಕೊಳ್ಳುವುದನ್ನೂ ‘ವೇಳೆ’ ಎಂಬ ಪದ ಒಳಗೊಳ್ಳುವುದೇ, ಅಥವಾ ‘ಕೆಲಸದ ಏರ್ಪಾಟು’ ಎನ್ನುವುದು ಲೇಸೇ? ಕಾರ್ಮಿಕ ಇಲಾಖೆಯ ಕನ್ನಡ ಕಡತಗಳನ್ನು ಕಂಡವರು ಅಲ್ಲಿನ ರೂಢಿಯನ್ನು ತಿಳಿಸಿದರೆ ಉಪಕಾರವಾಗುತ್ತದೆ.