ಸಹಾಯ ಬೇಕು: ಇನ್ನೊಬ್ಬರ ಮೈ ಮುಟ್ಟೋಕೆ ಅವರ ಒಪ್ಪಿಗೆ ಬೇಕು ಅನ್ನೋ ಮಾತು ಎಂಟನೇ ಕ್ಲಾಸಿನ ಮಕ್ಕಳ ಹತ್ತಿರ ಹೇಗೆ ತೆಗೆಯಲಿ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹೋದ ವಾರ ಹಿಂದಿನ ಬೆಂಚಿನ ಹುಡುಗನೊಬ್ಬ ಮುಂದೆ ಕೂತಿದ್ದ ಹುಡುಗಿಯ ಒಳಉಡುಪಿನ ಪಟ್ಟಿ ಎಳೆದುಬಿಟ್ಟ. ನಾಲ್ಕೈದು ಜನ ಕಿಸಕ್ಕನೆ ನಕ್ಕರು. ಆ ಮಗು ತಿರುಗಿಯೂ ನೋಡದೆ, ಜಡೆ ಮುಂದಕ್ಕೆ ಹಾಕಿಕೊಂಡು ನೋಟ್ಸ್ ಬರೆಯುತ್ತಲೇ ಇತ್ತು. ಅಂದರೆ ಇದು ಮೊದಲ ಸಲ ಅಲ್ಲ.

ಸ್ಟಾಫ್ ರೂಮಿನಲ್ಲಿ ಹೇಳಿದರೆ "ಹುಡುಗಾಟ, ಬಿಡಿ ಸಾರ್" ಅಂದರು. ಬಿಡೋದು ಹೇಗೆ? ಮಕ್ಕಳನ್ನು ಲೈಂಗಿಕ ಕಿರುಕುಳದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ತಿಳಿಸಲೇಬೇಕು, ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಹೆಡ್‌ಮಾಸ್ಟರಿಗೆ ಬರೆದುಕೊಟ್ಟೆ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿದೆ. ಅದು ಅದರ ದಾರಿಯಲ್ಲಿ ನಡೆಯುತ್ತದೆ.

ನನಗೆ ಕಷ್ಟವಾಗಿರೋದು ನಕ್ಕ ಆ ನಾಲ್ಕೈದು ಜನರದ್ದು. ಹದಿಹರೆಯದ ಪಾಠ ಮುಂದಿನ ತಿಂಗಳು ಬರುತ್ತದೆ, ಅಲ್ಲಿ ಹಾರ್ಮೋನು ಇದೆ, ಮರ್ಯಾದೆ ಇಲ್ಲ. "ಒಪ್ಪಿಗೆ" ಅಂದರೆ ಮಕ್ಕಳಿಗೆ ಮದುವೆ ಮಾತುಕತೆಯೇ ನೆನಪಾಗುತ್ತದೆ! ನೀವು ಯಾವ ಪದ ಬಳಸುತ್ತೀರಿ? ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಮಾತಾಡಿದಿರಾ, ಬೇರೆ ಬೇರೆಯಾಗಿಯಾ? ಆ ಹುಡುಗಿಯ ಕಡೆ ಯಾರೂ ತಿರುಗಿ ನೋಡದ ಹಾಗೆ ಹೇಗೆ ನಡೆಸೋದು? ಕ್ಲಾಸಿನಲ್ಲಿ ಮಾಡಿ ನೋಡಿದವರು, ಮುಖ್ಯವಾಗಿ ಮೇಡಂಗಳು, ದಯವಿಟ್ಟು ಬರೆಯಿರಿ.