ಯಾವ ಖರ್ಚಿನ 25 ಪಟ್ಟು?

ಊಟ, ವಸತಿ ಎರಡನ್ನೂ ಮಾಲೀಕರೇ ಕೊಡುವ ವಿದೇಶದ ಕೆಲಸಕ್ಕೆ ಸೇರಿ, ಸಂಬಳದ ಮುಕ್ಕಾಲು ಪಾಲು ಉಳಿಸಿ, 40 ತುಂಬುವ ಮೊದಲೇ ದುಡಿಮೆಯ ಹಂಗಿನಿಂದ ಬಿಡಿಸಿಕೊಳ್ಳಬಹುದೇ ಎಂದು ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಹೆಚ್ಚಿನ ಪತ್ರಗಳು ಅವರು ಲೆಕ್ಕಕ್ಕೆ ಹಿಡಿಯದಿದ್ದುದನ್ನು ಎತ್ತಿವೆ. ಮೊದಲನೆಯದನ್ನು ಕತ್ತರಿಸದೆ ಕೊಡುತ್ತಿದ್ದೇವೆ.

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಗಣಿಯೊಂದರ ಶಿಬಿರದಲ್ಲಿ ಕುಳಿತು ನಾನೂ ಇದೇ ಲೆಕ್ಕ ಹಾಕಿದ್ದೆ. ದುಡಿಯದೆ ಕೂಡಿಟ್ಟ ಗಂಟಿನಿಂದಲೇ ಬಾಳಲು ವರ್ಷದ ಖರ್ಚಿನ 25 ಪಟ್ಟು ಕೂಡಿಸಬೇಕು. ಮುಕ್ಕಾಲು ಪಾಲು ಉಳಿಸಿ, ಹಣದುಬ್ಬರ ಕಳೆದು ಶೇ 5ರಷ್ಟು ಗಳಿಕೆ ಬಂದರೆ 7 ವರ್ಷದ ಮಾತು. ಆದರೆ ಯಾವ ಖರ್ಚಿನ 25 ಪಟ್ಟು? ನಾನು ಗುಣಿಸಿದ್ದು ಶಿಬಿರದ ಖರ್ಚನ್ನು. ಅಲ್ಲಿ ಬಾಡಿಗೆ ಇರಲಿಲ್ಲ, ದಿನಸಿ ಇರಲಿಲ್ಲ, ಕಾಯಿಲೆ ಬಿದ್ದರೆ ಕಂಪನಿಯ ವಿಮೆಯಿತ್ತು. ಮನೆಗೆ ಮರಳಿ ಬಾಳುವ ಖರ್ಚು ಅದರ ಇಮ್ಮಡಿ ಎಂಬುದು 6ನೇ ವರ್ಷದಲ್ಲಿ ಪಟ್ಟಿ ಬರೆದಾಗ ತಿಳಿಯಿತು. 7 ವರ್ಷ ಎಂದುಕೊಂಡದ್ದು 12 ದಾಟಿತು. ಅಮ್ಮ ಹಾಸಿಗೆ ಹಿಡಿದದ್ದು ಆ ಹೆಚ್ಚಿನ ವರ್ಷಗಳಲ್ಲೇ. ಹಣ ತಪ್ಪದೆ ಕಳಿಸಿದೆ. ರಜೆಯಲ್ಲಿ ಬಂದಿದ್ದಾಗ ಯಾವ ಮಾತ್ರೆ ಕೊಡುತ್ತಿದ್ದೀರಿ ಎಂದು ವೈದ್ಯರು ಕೇಳಿದರು. ನಾನು ತಮ್ಮನ ಮುಖ ನೋಡಿದೆ. ಅವನು ಹೆಸರು, ಹೊತ್ತು ಎಲ್ಲವನ್ನೂ ಒಪ್ಪಿಸಿದ. ಹೋಗಬೇಡಿ ಎನ್ನುತ್ತಿಲ್ಲ. ಮರಳಿದ ಮೇಲಿನ ಖರ್ಚಿನ ಪಟ್ಟಿಯನ್ನು ಹೊರಡುವ ಮೊದಲೇ ಬರೆಯಿರಿ.
– ಹಿಂತಿರುಗಿದವನು

ಮುಂದಿನದು ಪುಟ್ಟ ಪತ್ರ. ಪ್ರಶ್ನೆ ಕಳಿಸಿದವರು ಇದನ್ನು ತಪ್ಪಾಗಿ ತಿಳಿಯಬಾರದು.

ಪತ್ರದಲ್ಲಿ ಸಂಬಳವಿದೆ, ಉಳಿತಾಯವಿದೆ, ಹೆಂಡತಿಯ ಅಭಿಪ್ರಾಯವಿಲ್ಲ. ನಮ್ಮನ್ನಲ್ಲ, ಮೊದಲು ಅವರನ್ನು ಕೇಳಿ.
– ಗೃಹಿಣಿ

25 ಪಟ್ಟಿನ ಹಿಂದಿರುವುದು 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಪ್ರಕಟಿಸಿದ ಲೆಕ್ಕ. ಮೊದಲ ವರ್ಷ ಗಂಟಿನ ಶೇ 4ರಷ್ಟು, ಅಂದರೆ 25ರಲ್ಲಿ ಒಂದು ಪಾಲು ತೆಗೆದು, ಮುಂದೆ ಬೆಲೆಯೇರಿಕೆಯಷ್ಟು ಹೆಚ್ಚಿಸುತ್ತ ಹೋದರೆ ಅದು 30 ವರ್ಷ ಬಾಳುತ್ತದೆಂದು ಅಮೆರಿಕದ ಷೇರು, ಬಾಂಡ್‌ಗಳ ಇತಿಹಾಸದಿಂದ ಅವರು ತೋರಿಸಿದರು. 40ಕ್ಕೆ ಕೆಲಸ ಬಿಡುವವರಿಗೆ 50 ವರ್ಷ ಬೇಕಾಗಬಹುದು. ಗಳಿಕೆ ಒಂದು ದೇಶದ ಹಣದಲ್ಲಿ, ಖರ್ಚು ಇನ್ನೊಂದರ ಹಣದಲ್ಲಿ. ವಿನಿಮಯ ದರವನ್ನೂ ಗಮನಿಸಿ.
– ನಿವೃತ್ತ ಲೆಕ್ಕಪರಿಶೋಧಕ

ಕೊನೆಯ ಪತ್ರ ಕೇಳಿದ ಪ್ರಶ್ನೆಗೆ ನೇರ ಉತ್ತರವಲ್ಲ. ಆದರೂ ಬಿಡಲು ಮನಸ್ಸಾಗಲಿಲ್ಲ.

ನಾನು ಹಡಗಿನಲ್ಲಿ ಅಡುಗೆಯವನು. ಒಪ್ಪಂದ ಮುಗಿದಾಗಲೆಲ್ಲ ಎರಡು ಮೂರು ತಿಂಗಳು ಮನೆಯಲ್ಲಿರುತ್ತೇನೆ. ಮಗಳಿಗೆ ಈಜು ಕಲಿಸಿದ್ದು ಆ ತಿಂಗಳುಗಳಲ್ಲಿ. ನಿಮ್ಮ ಕೆಲಸದಲ್ಲಿ ವರ್ಷಕ್ಕೆ ಎಷ್ಟು ದಿನ ರಜೆ ಎಂಬುದನ್ನು ನೀವು ಬರೆದೇ ಇಲ್ಲ.
– ಹಡಗಿನವನು